ಪೊರಕೆಗೆ ಹೆಸರಿಟ್ಟ ಮನೆ

‘ರೋಬೋ’ ಎಂಬ ಪದ ಹುಟ್ಟಿದ್ದು ಪ್ರಯೋಗಾಲಯದಲ್ಲಲ್ಲ, ರಂಗಭೂಮಿಯಲ್ಲಿ. ಚೆಕ್ ಲೇಖಕ ಕಾರೆಲ್ ಚಾಪೆಕ್ 1920ರಲ್ಲಿ ಬರೆದ ‘ಆರ್.ಯು.ಆರ್.’ ನಾಟಕದಲ್ಲಿ ಕಾರ್ಖಾನೆಯೊಂದು ಕೃತಕ ಆಳುಗಳನ್ನು ತಯಾರಿಸಿ ಜಗತ್ತಿಗೆಲ್ಲ ಮಾರುತ್ತದೆ. ಆ ಆಳುಗಳಿಗೆ ಏನು ಹೆಸರಿಡುವುದು ಎಂದು ನಾಟಕಕಾರ ಯೋಚಿಸುತ್ತಿದ್ದಾಗ ಅವನ ಅಣ್ಣ, ಚಿತ್ರಕಲಾವಿದ ಯೋಸೆಫ್ ಚಾಪೆಕ್, ಸೂಚಿಸಿದ ಪದವಿದು. ಅದರ ಬೇರು ಚೆಕ್ ಭಾಷೆಯ ‘ರೋಬೋಟ’ದಲ್ಲಿದೆ. ಒಡೆಯನ ಹೊಲದಲ್ಲಿ ಒಕ್ಕಲಿನವರು ಕೂಲಿಯಿಲ್ಲದೆ ಮಾಡಿಕೊಡಲೇಬೇಕಾಗಿದ್ದ ದುಡಿಮೆಗೆ ಇದ್ದ ಹೆಸರು ಅದು. ಕನ್ನಡದಲ್ಲಿ ಇದಕ್ಕೆ ಸಮನಾದ ಪದವನ್ನು ಹೊಸದಾಗಿ ಕಟ್ಟಬೇಕಿಲ್ಲ. ಸಂಸ್ಕೃತದ ‘ವಿಷ್ಟಿ’ಯಿಂದ ಬಂದ ‘ಬಿಟ್ಟಿ’ ಶಾಸನಗಳ ಕಾಲದಿಂದಲೂ ನಮ್ಮಲ್ಲಿದೆ.

ಈ ‘ಬಿಟ್ಟಿ’ಯ ಚರಿತ್ರೆಯಲ್ಲಿ ಒಂದು ವಿಚಿತ್ರ ತಿರುವಿದೆ. ದುಡಿದವರ ಕಡೆಯಿಂದ ನೋಡಿದರೆ ಅದು ಬಲವಂತದ ಚಾಕರಿ. ಆದರೆ ಇವತ್ತು ನಾವು ‘ಬಿಟ್ಟಿ ಸಿಕ್ಕಿತು’, ‘ಬಿಟ್ಟಿ ಊಟ’ ಎನ್ನುವಾಗ ಮಾತಾಡುತ್ತಿರುವುದು ಪಡೆದವರ ಕಡೆಯಿಂದ. ಪದ ಆಳಿನ ಬಾಯಿಂದ ಒಡೆಯನ ಬಾಯಿಗೆ ದಾಟಿಕೊಂಡಿತು. ದಾಟುವಾಗ ಬೆವರು ಒಣಗಿ, ‘ಪುಕ್ಕಟೆ’ ಎಂಬ ಅರ್ಥವಷ್ಟೇ ಉಳಿಯಿತು. ‘ರೋಬೋ’ ಪದಕ್ಕೂ ಇದೇ ಗತಿ ಬಂದಿದೆ. ಅದರೊಳಗಿದ್ದ ಆಳು ಮರೆಯಾಗಿ, ಹೊಳೆಯುವ ಯಂತ್ರ ಮಾತ್ರ ನಮ್ಮ ಕಣ್ಣಿಗೆ ಬೀಳುತ್ತದೆ.

ನಾನು ಪಿಎಚ್‌.ಡಿಗೆ ಓದುತ್ತಿರುವುದು ಆಧುನಿಕ ಕನ್ನಡ ನಾಟಕಗಳಲ್ಲಿ ದುಡಿಮೆಯ ಚಿತ್ರಣದ ಬಗ್ಗೆ. ಇರುವುದು ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನಲ್ಲಿ, ಅಣ್ಣ ಅತ್ತಿಗೆಯ ಜೊತೆ. ಅವರಿಬ್ಬರೂ ಆಫೀಸಿಗೆ, ಆರು ವರ್ಷದ ಮಗಳು ಶಾಲೆಗೆ ಹೋದಮೇಲೆ ಮನೆಯಲ್ಲಿ ಉಳಿಯುವುದು ನಾನು ಮತ್ತು ಒಂದೂವರೆ ವರ್ಷದ ಹಿಂದೆ ಬಂದ, ಊಟದ ತಟ್ಟೆಯಗಲದ, ಕಸ ಗುಡಿಸುವ ಯಂತ್ರ. ನಾಟಕಗಳಲ್ಲಿ ಓದಿದ್ದು ಮತ್ತು ಕಾಲಬುಡದಲ್ಲಿ ಓಡಾಡುವುದು ಒಂದನ್ನೊಂದು ಕೆಣಕುತ್ತ ಬಂದಿವೆ. ಈ ಯಂತ್ರವನ್ನು ಒಂದು ಕೃತಿಯಂತೆ ಓದಿದರೆ ಅದು ಗುಡಿಸುವ ಕೆಲಸದ ಬಗ್ಗೆ ಏನು ಹೇಳುತ್ತದೆ, ಏನನ್ನು ಹೇಳದೆ ಬಿಡುತ್ತದೆ ಎಂಬುದು ನನ್ನ ಪ್ರಶ್ನೆ.

ಚಾಪೆಕ್ ತನ್ನ ನಾಟಕ ಬರೆದ ಅದೇ ದಶಕದಲ್ಲಿ ಕನ್ನಡದಲ್ಲೂ ಒಬ್ಬ ಆಳು ರಂಗಕ್ಕೆ ಬಂದ. 1928ರ ಕುವೆಂಪು ಅವರ ‘ಜಲಗಾರ’. ಊರೆಲ್ಲ ಶಿವನ ದರ್ಶನಕ್ಕೆ ಹೊರಟಿರುವಾಗ ಗುಡಿಯೊಳಗೆ ಕಾಲಿಡಲಾಗದ ಜಲಗಾರ ಬೀದಿ ಗುಡಿಸುತ್ತಾನೆ. ಕೊನೆಗೆ ಶಿವನೇ ಜಲಗಾರನ ರೂಪದಲ್ಲಿ ಅವನ ಬಳಿ ಬರುತ್ತಾನೆ; ತಾನೂ ಜಗತ್ತಿನ ಕೊಳೆ ತೆಗೆಯುವವನೇ ಎನ್ನುತ್ತಾನೆ. ಎರಡೂ ನಾಟಕಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಕೀಳೆಂದು ಕಂಡ ದುಡಿಮೆಯನ್ನು ಏನು ಮಾಡುವುದು ಎಂಬ ಪ್ರಶ್ನೆಗೆ ಚಾಪೆಕ್‌ನ ಕಾರ್ಖಾನೆಯವರು ಕೊಡುವ ಉತ್ತರ: ದುಡಿಯುವ ಮನುಷ್ಯನನ್ನೇ ತೆಗೆದು ಆ ಜಾಗದಲ್ಲಿ ಕೃತಕ ಜೀವಿಯನ್ನು ಇಡೋಣ. ಕುವೆಂಪು ಕೊಡುವ ಉತ್ತರ: ಆ ದುಡಿಮೆಯನ್ನು ದೇವರ ಕೆಲಸದ ಎತ್ತರಕ್ಕೆ ಏರಿಸೋಣ. ಒಂದು ಕಡೆ ಪೊರಕೆ ಮನುಷ್ಯನ ಕೈಬಿಟ್ಟಿತು, ಇನ್ನೊಂದು ಕಡೆ ದೇವರ ಕೈ ಸೇರಿತು.

ಕುವೆಂಪು ಅವರ ಕಲ್ಪನೆ ಗುಡಿಯ ಬಾಗಿಲನ್ನು ಅಲುಗಿಸಿದ ದಿಟ್ಟ ಕಲ್ಪನೆ. ಹುಟ್ಟಿನಿಂದ ಕೀಳೆನಿಸಿಕೊಂಡವನ ಎದುರು ದೇವರನ್ನೇ ತಂದು ನಿಲ್ಲಿಸಿದ್ದು 1928ರಲ್ಲಿ ಸಣ್ಣ ಮಾತಲ್ಲ. ಆದರೂ ಪರದೆ ಬಿದ್ದ ಮೇಲೆ ನನಗೆ ಒಂದು ಕಸಿವಿಸಿ ಉಳಿಯುತ್ತದೆ: ನಾಳೆ ಬೆಳಿಗ್ಗೆ ಆ ಬೀದಿಯನ್ನು ಗುಡಿಸುವವರು ಯಾರು? ಅದೇ ಜಲಗಾರ. ಅವನ ಕೆಲಸಕ್ಕೆ ಗೌರವ ಬಂತು, ಕೆಲಸ ಹಂಚಿಕೆಯಾಗಲಿಲ್ಲ. ಶಿವನ ಭಕ್ತರಲ್ಲಿ ಒಬ್ಬರೂ ಪೊರಕೆ ಹಿಡಿಯಬೇಕಾಗಿ ಬರಲಿಲ್ಲ. ಇವತ್ತಿಗೂ ಬೆಂಗಳೂರಿನ ಬೀದಿ ಗುಡಿಸುವ ಪೌರಕಾರ್ಮಿಕರಲ್ಲಿ ಹೆಚ್ಚಿನವರು ದಲಿತ ಹೆಣ್ಣುಮಕ್ಕಳು. ನಮ್ಮ ಮನೆಯ ಯಂತ್ರ ಹೊಟ್ಟೆಯಲ್ಲಿ ತುಂಬಿಕೊಂಡ ಧೂಳು ಮರುದಿನ ಹೋಗಿ ಸೇರುವುದೂ ಅಂಥವರ ಕೈಯನ್ನೇ.

ಹಾಗಾದರೆ ಚಾಪೆಕ್ ತೋರಿಸಿದ ದಾರಿಯಲ್ಲಿ ಹೊರಟ ಈ ಯಂತ್ರವಾದರೂ ಕೆಲಸವನ್ನು ಮನುಷ್ಯರ ಕೈಯಿಂದ ಬಿಡಿಸಿತೇ?

ಮೊದಲು ಯಂತ್ರದ ಕಥೆ. ಸ್ವೀಡನ್ನಿನ ಎಲೆಕ್ಟ್ರೊಲಕ್ಸ್ ಕಂಪನಿ 2001ರಲ್ಲಿ ‘ಟ್ರೈಲೋಬೈಟ್’ ಎಂಬ ಗುಡಿಸುವ ಯಂತ್ರವನ್ನು ಮಾರುಕಟ್ಟೆಗೆ ತಂದಿತು. ಕೋಟ್ಯಂತರ ವರ್ಷಗಳ ಹಿಂದೆ ಸಮುದ್ರದ ತಳದಲ್ಲಿ ತೆವಳುತ್ತಿದ್ದ, ಈಗ ಅಳಿದುಹೋಗಿರುವ ಜೀವಿಯ ಹೆಸರದು. ಮರುವರ್ಷ ಅಮೆರಿಕದ ಐರೋಬೋಟ್ ಕಂಪನಿಯ ‘ರೂಂಬಾ’ ಬಂದು ಮನೆಮಾತಾಯಿತು. ಆ ಕಂಪನಿಯನ್ನು 1990ರಲ್ಲಿ ಕಟ್ಟಿದ ಮೂವರಲ್ಲಿ ರಾಡ್ನಿ ಬ್ರೂಕ್ಸ್ ಒಬ್ಬರು. ಯಂತ್ರದ ತಲೆಯೊಳಗೆ ಜಗತ್ತಿನ ಪೂರ್ತಿ ಚಿತ್ರ ಇರಬೇಕಿಲ್ಲ, ಹುಳುವಿನಂತೆ ಎದುರಾದದ್ದಕ್ಕೆ ತಕ್ಷಣ ಪ್ರತಿಕ್ರಿಯಿಸುತ್ತ ಹೋದರೆ ಸಾಕು ಎಂಬುದು ಅವರ ವಾದವಾಗಿತ್ತು. ಮೊದಮೊದಲ ರೂಂಬಾಗಳು ಹಾಗೇ ಇದ್ದವು. ಗೋಡೆಗೆ ಡಿಕ್ಕಿ ಹೊಡೆಯುವುದು, ತಿರುಗುವುದು, ಮತ್ತೆ ಹೋಗುವುದು. ಈಚಿನವು ಲೇಸರ್‌ನಿಂದಲೋ ಕ್ಯಾಮೆರಾದಿಂದಲೋ ಮನೆಯ ನಕ್ಷೆ ಬರೆದುಕೊಂಡು, ಗದ್ದೆ ಉಳುವ ಹಾಗೆ ಸಾಲು ಹಿಡಿದು ಗುಡಿಸುತ್ತವೆ.

ಈ ನಕ್ಷೆಯನ್ನು ಫೋನಿನಲ್ಲಿ ನೋಡಬಹುದು. ನಮ್ಮ ಮನೆಯ ನಕ್ಷೆಯಲ್ಲಿ ಒಂದು ಪುಟ್ಟ ಚೌಕಕ್ಕೆ ಕೆಂಪು ಬಣ್ಣವಿದೆ. ಅದು ದೇವರ ಮನೆ, ಯಂತ್ರ ಅಲ್ಲಿಗೆ ಹೋಗುವಂತಿಲ್ಲ. ದೀಪ, ರಂಗೋಲಿ ಕೆಡುತ್ತದೆ ಎಂಬುದು ಅತ್ತಿಗೆ ಕೊಟ್ಟ ಕಾರಣ. ಊರಿಂದ ಬಂದಿದ್ದ ಅಮ್ಮ ಇನ್ನೂ ನೇರವಾಗಿ ಹೇಳಿದಳು: “ಬಚ್ಚಲು ಬಾಗಿಲತನಕ ಹೋಗಿ ಬಂದಿದ್ದನ್ನ ದೇವರ ಮುಂದೆ ಬಿಡ್ತೀರಾ?” ಜೀವವಿಲ್ಲದ ಯಂತ್ರಕ್ಕೂ ಮೈಲಿಗೆ ತಟ್ಟಿತು. ಗುಡಿಸುವುದನ್ನು ಯಾರೇ ಮಾಡಲಿ, ಯಾವುದೇ ಮಾಡಲಿ, ಗುಡಿಯ ಬಾಗಿಲಲ್ಲಿ ನಿಲ್ಲಬೇಕು. ‘ಜಲಗಾರ’ ನಾಟಕ ನೂರು ವರ್ಷ ಸಮೀಪಿಸುತ್ತಿದ್ದರೂ ಹಳತಾಗಿಲ್ಲ ಎನ್ನುವುದಕ್ಕೆ ನನಗೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಯಂತ್ರ ನಿಜವಾಗಿ ಗುಡಿಸುವುದು ಬಯಲನ್ನು. ಆ ಬಯಲನ್ನು ಅದಕ್ಕೆ ಸಿದ್ಧಮಾಡಿಕೊಡಬೇಕು. ಹತ್ತೂವರೆಗೆ ಅದು ಹೊರಡುವ ಮುನ್ನ ನಾನು ಕುರ್ಚಿಗಳನ್ನು ಮೇಜಿನ ಮೇಲೇರಿಸಿ, ಚಾರ್ಜರ್ ವೈರುಗಳನ್ನು ಎತ್ತಿಟ್ಟು, ಕಾಲೊರೆಸನ್ನು ಮಡಚಿ, ಪಾರ್ದೆಯ ಅಂಚನ್ನು ಗಂಟುಹಾಕಬೇಕು. ಎರಡು ಸೆಂಟಿಮೀಟರಿಗಿಂತ ಎತ್ತರದ ಹೊಸಿಲನ್ನು ಅದು ದಾಟದು, ಎತ್ತಿ ಆಚೆ ಬಿಡಬೇಕು. ಕುಂಚಕ್ಕೆ ಸುತ್ತಿಕೊಂಡ ಕೂದಲನ್ನು ವಾರಕ್ಕೊಮ್ಮೆ ಕತ್ತರಿಯಿಂದ ಬಿಡಿಸಬೇಕು. ಗುಂಡಗಿರುವುದರಿಂದ ಚೌಕ ಮೂಲೆಗಳಿಗೆ ಅದು ಹೊಂದುವುದಿಲ್ಲ. ಹೀಗೆ ಗುಡಿಸುವ ಕೆಲಸ ಎರಡಾಗಿ ಸೀಳಿದೆ. ನಡುವಿನ ಬಯಲು, ಅಂದರೆ ಕಣ್ಣಿಗೆ ಕಾಣುವ, ಶಬ್ದ ಮಾಡುವ ಭಾಗ ಯಂತ್ರದ್ದಾಯಿತು. ಅದರ ಮೊದಲೂ ಆಮೇಲೂ ಇರುವ ಸಣ್ಣಪುಟ್ಟ ಕೆಲಸಗಳು ಹೆಸರಿಲ್ಲದೆ ಮನುಷ್ಯರ ಪಾಲಿಗೆ ಉಳಿದವು.

ಮನೆಯ ಯಂತ್ರಗಳು ಹೀಗೇ ವರ್ತಿಸುತ್ತವೆ ಎಂದು ಅಮೆರಿಕದ ಇತಿಹಾಸಕಾರ್ತಿ ರೂತ್ ಶ್ವಾರ್ಟ್ಸ್ ಕೋವನ್ 1983ರಲ್ಲೇ ‘ಮೋರ್ ವರ್ಕ್ ಫಾರ್ ಮದರ್’ ಪುಸ್ತಕದಲ್ಲಿ ವಾದಿಸಿದ್ದರು. ಕಟ್ಟಿಗೆಯ ಒಲೆ ಹೋಗಿ ಹೊಸ ಒಲೆ ಬಂದಾಗ ಕಟ್ಟಿಗೆ ಒಡೆಯುವ ಗಂಡಸಿನ ಕೆಲಸ ಉಳಿಯಿತು, ಬೇಯಿಸುವ ಹೆಂಗಸಿನ ಕೆಲಸ ಉಳಿಯಲಿಲ್ಲ. ಜೊತೆಗೆ ಸ್ವಚ್ಛತೆಯ ಮಟ್ಟವೇ ಏರಿತು. ಅಪರೂಪಕ್ಕೆ ಮನೆಮಂದಿಯೆಲ್ಲ ಸೇರಿ ಹೊರಗೆ ಕೊಡವುತ್ತಿದ್ದ ಜಮಖಾನೆಯನ್ನು ಮನೆಯೊಡತಿ ಒಬ್ಬಳೇ ಮೇಲಿಂದ ಮೇಲೆ ಶುಚಿಗೊಳಿಸುವಂತಾಯಿತು. ನಮ್ಮ ದೇಶದ ಲೆಕ್ಕವೂ ಇದೆ. 2024ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವವರ ಪೈಕಿ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಾರೆ, ಗಂಡಸರು 88 ನಿಮಿಷ. 2019ರಲ್ಲಿ ಇದು 299 ಮತ್ತು 97 ಇತ್ತು. ಐದು ವರ್ಷದಲ್ಲಿ ಹೆಂಗಸರಿಗೆ ಹತ್ತು ನಿಮಿಷ ಬಿಡುವಾದರೆ ಗಂಡಸರಿಗೂ ಒಂಬತ್ತು ನಿಮಿಷ ಬಿಡುವಾಯಿತು.

ಯಂತ್ರವನ್ನು ಬರೀ ಟೀಕಿಸುವುದು ನ್ಯಾಯವಲ್ಲ. ಸೊಂಟ ಬಗ್ಗಿಸಿ ಗುಡಿಸುವುದು ನೋವಿನ ಕೆಲಸ. ಅದರಲ್ಲಿ ಕಾವ್ಯ ಹುಡುಕುವವರು ಒಂದು ವಾರ ಗುಡಿಸಿ ನೋಡಬೇಕು. ಬೆಳಿಗ್ಗೆ ಆರರಿಂದ ಒಂಬತ್ತರ ನಡುವೆ ಅತ್ತಿಗೆ ಪಡುವ ಪಾಡು ನನಗೆ ಗೊತ್ತು. ಆ ಯಂತ್ರ ಅವಳಿಗೆ ತಂದ ನೆಮ್ಮದಿ ನಿಜವಾದದ್ದು. ಜೊತೆಗೆ ಒಂದು ಕೌತುಕವೂ ನಡೆಯಿತು. ಹುಟ್ಟಿದಾಗಿನಿಂದ ಪೊರಕೆ ಮುಟ್ಟದ ಅಣ್ಣ ಈಗ ಫೋನು ಹಿಡಿದು ನಕ್ಷೆ ತಿದ್ದುತ್ತಾನೆ, ವೇಳಾಪಟ್ಟಿ ಹಾಕುತ್ತಾನೆ, “ಇವತ್ತು ಹಾಲ್ ಎರಡು ಸಲ ಮಾಡಿಸಿದೆ” ಎನ್ನುತ್ತಾನೆ. ಅವನ ಕ್ರಿಯಾಪದವನ್ನು ಗಮನಿಸಿ: ಮಾಡಿಸಿದೆ. ಕೂದಲು ಬಿಡಿಸುವ ಕತ್ತರಿ ಅವನ ಕೈಗೆ ಬಂದಿಲ್ಲ. ಗುಡಿಸುವುದು ಗಂಡಸಿನ ಕೆಲಸವಾಗಲಿಲ್ಲ, ಗುಡಿಸಿಸುವುದು ಆಯಿತು.

ಇನ್ನು ಹೆಸರಿನ ಮಾತು. ಯಂತ್ರ ಬಂದ ವಾರದೊಳಗೆ ಅಣ್ಣನ ಮಗಳು ಅದಕ್ಕೆ ‘ಆಮೆಮರಿ’ ಎಂದು ಹೆಸರಿಟ್ಟಳು. ಇದು ನಮ್ಮ ಮನೆಯ ವಿಶೇಷವೇನಲ್ಲ. ಜಾರ್ಜಿಯಾ ಟೆಕ್‌ನ ಸಂಶೋಧಕರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಮೆರಿಕದ ಮಂದಿ ತಮ್ಮ ರೂಂಬಾಗೆ ಹೆಸರಿಟ್ಟದ್ದು, ಅದು ಗಂಡೋ ಹೆಣ್ಣೋ ಎಂದು ಹೇಳಿದ್ದು, ಅದರ ಅನುಕೂಲಕ್ಕೆ ಮನೆಯನ್ನೇ ಬದಲಾಯಿಸಿಕೊಂಡದ್ದು ಎಲ್ಲ ದಾಖಲಾಗಿದೆ. ಮಂಚದಡಿ ಸಿಕ್ಕಿಹಾಕಿಕೊಂಡು ಅದು ಕೂಗಿಕೊಂಡರೆ ನಮ್ಮ ಮನೆಯಲ್ಲೂ ಎಲ್ಲರೂ ಓಡುತ್ತೇವೆ. ಬ್ಯಾಟರಿ ಮುಗಿಯುವ ಮುನ್ನ ಅದು ತಾನೇ ಹೋಗಿ ಗೂಡು ಸೇರಿಕೊಂಡರೆ “ಪಾಪ, ಸುಸ್ತಾಯ್ತು” ಎನ್ನುತ್ತೇವೆ.

ಹತ್ತು ಗಂಟೆಗೆ ಇನ್ನೊಬ್ಬರು ಬರುತ್ತಾರೆ. ರಾಯಚೂರು ಕಡೆಯವರು, ನಮ್ಮ ಬ್ಲಾಕಿನಲ್ಲಿ ಐದು ಮನೆ ಮಾಡುತ್ತಾರೆ. ನಾನು ಅವರನ್ನು ಅಕ್ಕ ಎನ್ನುತ್ತೇನೆ, ನನಗಿಂತ ಇಪ್ಪತ್ತು ವರ್ಷ ದೊಡ್ಡವರಾದರೂ ಅವರು ನನ್ನನ್ನು ಅಕ್ಕಾರ ಎನ್ನುತ್ತಾರೆ. ಅಪಾರ್ಟ್‌ಮೆಂಟಿನ ಗೇಟಿನ ಆ್ಯಪ್‌ನಲ್ಲಿ ಅವರ ಫೋಟೋದ ಕೆಳಗೆ ನಕ್ಷತ್ರಗಳಿವೆ. ಯಂತ್ರ ಮಾರುವ ಜಾಲತಾಣದಲ್ಲೂ ಯಂತ್ರದ ಫೋಟೋದ ಕೆಳಗೆ ನಕ್ಷತ್ರಗಳಿವೆ. ಅಷ್ಟರಮಟ್ಟಿಗೆ ಇಬ್ಬರೂ ಸಮಾನರು. ಆಮೇಲೆ ದಾರಿ ಬೇರೆಯಾಗುತ್ತದೆ. ಹಲವು ಮನೆಗಳ ಫೋನುಗಳಲ್ಲಿ ಅವರು ‘ಮೇಡ್ ಸಿ ಬ್ಲಾಕ್’. ಅವರು ಸುಸ್ತಾಗಿ ಕೂತರೆ ಯಾರೂ ಪಾಪ ಎನ್ನುವುದಿಲ್ಲ, ಗಡಿಯಾರ ನೋಡುತ್ತಾರೆ.

ಒಮ್ಮೆ ಅತ್ತಿಗೆಯ ಚಿನ್ನದ ಓಲೆಯ ತಿರುಪು ಕಾಣೆಯಾಯಿತು. ಎರಡು ದಿನ ಪ್ರಶ್ನೆ ಹೋದದ್ದು ಅಕ್ಕನಿಗೆ. ಜೋರಾಗಿಯಲ್ಲ, “ನೆಲ ಒರೆಸುವಾಗ ಏನಾದರೂ ಕಂಡಿತಾ” ಎಂಬ ಮೆತ್ತನೆಯ ದನಿಯಲ್ಲಿ. ಮೂರನೆಯ ದಿನ ಅದು ಆಮೆಮರಿಯ ಧೂಳಿನ ಡಬ್ಬಿಯಲ್ಲಿ ಸಿಕ್ಕಿತು. ಎಲ್ಲರೂ ನಕ್ಕೆವು. ಯಂತ್ರವನ್ನು ಯಾರೂ ಅನುಮಾನಿಸಿರಲಿಲ್ಲ, ಸಿಕ್ಕಿಬಿದ್ದ ಮೇಲೂ ಅದು ಕಳ್ಳನಾಗಲಿಲ್ಲ. ನನಗೆ ಆಗ 12ನೆಯ ಶತಮಾನದ ಸತ್ಯಕ್ಕ ನೆನಪಾದಳು. ಶಿವಶರಣರ ಮನೆಯಂಗಳ ಗುಡಿಸುವುದು ಅವಳ ಕಾಯಕವಾಗಿತ್ತು ಎನ್ನುತ್ತದೆ ಪರಂಪರೆ. ದಾರಿಯಲ್ಲಿ ಹೊನ್ನು ಬಿದ್ದಿದ್ದರೂ ಕೈಯಿಂದ ಮುಟ್ಟೆನೆಂದು ಆಣೆಯಿಡುವ ವಚನ ಅವಳದು. ನಾವು ಅದನ್ನು ನಿಸ್ಪೃಹತೆಯ ಉದಾಹರಣೆಯಾಗಿ ಪಾಠ ಮಾಡುತ್ತೇವೆ. ಆದರೆ ಅದು ಗುಡಿಸುವವಳ ಮಾತು ಎಂಬುದನ್ನು ನೆನಪಿಟ್ಟು ಓದಿದರೆ ಇನ್ನೊಂದು ದನಿ ಕೇಳುತ್ತದೆ. ದಿನವಿಡೀ ನೆಲ ನೋಡುವವಳ ಕಣ್ಣಿಗೇ ಬಿದ್ದ ಹೊನ್ನು ಮೊದಲು ಕಾಣುವುದು, ಕಳೆದುಕೊಂಡವರು ಮೊದಲು ನೋಡುವುದೂ ಅವಳ ಮುಖವನ್ನೇ. ಅಂಗಳದ ಒಡೆಯರು ಅಂಥ ಆಣೆ ಇಡಬೇಕಾಗುವುದಿಲ್ಲ. ಎಂಟು ಶತಮಾನದ ನಂತರವೂ ಸಿ ಬ್ಲಾಕಿನಲ್ಲಿ ಆ ಆಣೆಯಿಂದ ಬಿಡುಗಡೆ ಸಿಕ್ಕಿದ್ದು ಯಂತ್ರಕ್ಕೆ ಮಾತ್ರ.

ದೂರದಲ್ಲಿ ಇನ್ನೂ ಕೆಲವರಿದ್ದಾರೆ. ಇದು ಚಪ್ಪಲಿ, ಇದು ವೈರು, ಇದು ನಾಯಿ ಎಂದು ಕ್ಯಾಮೆರಾದ ಯಂತ್ರಕ್ಕೆ ಕಲಿಸಲು ಮನುಷ್ಯರು ಕೂತು ಸಾವಿರಾರು ಚಿತ್ರಗಳಲ್ಲಿನ ವಸ್ತುಗಳಿಗೆ ಹೆಸರು ಬರೆಯಬೇಕು. 2022ರ ಡಿಸೆಂಬರಿನಲ್ಲಿ ‘ಎಂಐಟಿ ಟೆಕ್ನಾಲಜಿ ರಿವ್ಯೂ’ ಪ್ರಕಟಿಸಿದ ವರದಿಯಿಂದ ಈ ಲೋಕ ಬೆಳಕಿಗೆ ಬಂತು. ರೂಂಬಾದ ಪರೀಕ್ಷಾ ಯಂತ್ರಗಳು 2020ರಲ್ಲಿ ತೆಗೆದ ಮನೆಯೊಳಗಿನ ಚಿತ್ರಗಳನ್ನು ವೆನಿಜುವೆಲಾದ ಗುತ್ತಿಗೆ ಕೆಲಸಗಾರರು ತಮ್ಮ ಗುಂಪುಗಳಲ್ಲಿ ಹಂಚಿಕೊಂಡಿದ್ದರು. ಶೌಚಾಲಯದಲ್ಲಿದ್ದ ಹೆಣ್ಣುಮಗಳ ಚಿತ್ರವೂ ಅವುಗಳಲ್ಲಿತ್ತು. ಅವು ಮಾರಾಟದ ಯಂತ್ರಗಳಲ್ಲ, ಒಪ್ಪಿಗೆ ಕೊಟ್ಟವರ ಮನೆಯಲ್ಲಿದ್ದವು ಎಂದು ಕಂಪನಿ ಹೇಳಿತು. ಸುದ್ದಿಯಾದದ್ದು ಖಾಸಗಿತನದ ಪ್ರಶ್ನೆ, ಆಗಬೇಕಾದ್ದೇ. ಆದರೆ ಒಂದು ಮನೆಯ ನೆಲ ತಾನಾಗಿ ಶುಚಿಯಾಗಲು ಬೇರೊಂದು ಖಂಡದಲ್ಲಿ ಯಾರೋ ಕೂತು ಆ ಮನೆಯ ಸಾಮಾನಿಗೆ ಹೆಸರು ಬರೆಯುತ್ತಿದ್ದರು ಎಂಬುದು ಅಷ್ಟಾಗಿ ಚರ್ಚೆಗೆ ಬರಲಿಲ್ಲ. ಯಂತ್ರಕ್ಕೆ ಹೆಸರಿಟ್ಟೆವು. ಯಂತ್ರಕ್ಕೆ ಎಲ್ಲದರ ಹೆಸರು ಕಲಿಸಿದವರ ಹೆಸರು ನಮಗೆ ಬೇಕಾಗಲಿಲ್ಲ.

ಮತ್ತೆ ನಮ್ಮ ಮನೆಯ ಲೆಕ್ಕಕ್ಕೆ ಬರುತ್ತೇನೆ. ಬೆಂಗಳೂರಿನಲ್ಲಿ ಮನೆಗೆಲಸದ ದರ ಬಿಡಿಬಿಡಿ: ಪಾತ್ರೆಗಿಷ್ಟು, ಬಟ್ಟೆಗಿಷ್ಟು, ಕಸ-ನೆಲಕ್ಕಿಷ್ಟು. ಯಂತ್ರ ಬಂದಮೇಲೆ ಅಕ್ಕನ ಸಂಬಳದಲ್ಲಿ ಕಸ-ನೆಲದ ಸಾವಿರದಿನ್ನೂರು ರೂಪಾಯಿ ಕಡಿತವಾಯಿತು. ಆಮೇಲೂ ಅವರು ದಿನಾ ಸೋಫಾದ ಹಿಂದೆ, ಬಾಗಿಲ ಸಂದಿಯಲ್ಲಿ, ಅಡುಗೆಮನೆಯ ಕಟ್ಟೆ ಕೆಳಗೆ ಕಸಬರಿಗೆ ಆಡಿಸುತ್ತಲೇ ಇದ್ದರು. ಕೇಳಿದ್ದಕ್ಕೆ ನಕ್ಕರು: “ಇದಕ್ಕ ಮೂಲಿ ಹೊಂದಂಗಿಲ್ಲ ನೋಡ್ರಿ ಅಕ್ಕಾರ. ಬಯಲು ಅದರದು, ಮೂಲಿ ನಂದು.” ಸ್ವಲ್ಪ ತಡೆದು ಮತ್ತೆ ಹೇಳಿದರು: “ಮಷೀನು ಇರಲಿ, ನನಗೂ ಸೊಂಟ ನೋಯ್ತೈತಿ. ಅದು ಬಂತಂತ ನನ್ನ ಪಗಾರ ಯಾಕ ಇಳೀಬೇಕ್ರಿ?”

ನೂರು ವರ್ಷದ ಚರ್ಚೆಯಲ್ಲಿ ನಾನು ಓದಿರುವ ಅತ್ಯಂತ ನೇರ ಪ್ರಶ್ನೆ ಇದು. ಯಂತ್ರ ಉಳಿಸಿದ ನೋವು ಯಾರ ಖಾತೆಗೆ ಹೋಗಬೇಕು? ಬೆನ್ನು ಬಗ್ಗಿಸಿದವಳಿಗೋ, ಯಂತ್ರ ಕೊಂಡವರಿಗೋ? ‘ಬಿಟ್ಟಿ’ ಪದ ಆಳಿನಿಂದ ಒಡೆಯನ ಕಡೆ ದಾಟಿದ್ದು ಎಷ್ಟೋ ಶತಮಾನದ ಕಥೆಯೆಂದುಕೊಂಡಿದ್ದೆವು. ಅದು ಕಣ್ಣೆದುರಿಗೇ, ಒಂದು ತಿಂಗಳ ಸಂಬಳದ ಲೆಕ್ಕದಲ್ಲಿ ಮತ್ತೊಮ್ಮೆ ದಾಟಿತು. ಕೂಲಿಯಿಲ್ಲದೆ ಗುಡಿಸಿಕೊಟ್ಟ ಆ ಮೂಲೆಗಳು, ಪದದ ಮೂಲ ಅರ್ಥದಲ್ಲೇ, ರೋಬೋಟ. ಮನೆಯೊಳಗಿನ ರೋಬೋ ಯಾರು ಎಂದು ಕೇಳಿದರೆ ಕೆಳಗೆ ಗಾಲಿಯಿರುವುದನ್ನು ತೋರಿಸುವುದು ಸಾಕಾಗದು.

ಈ ವಿಷಯವನ್ನು ಊಟದ ಹೊತ್ತಿನಲ್ಲಿ ಎತ್ತಿದಾಗ ಮನೆಯಲ್ಲಿ ಸುಮಾರು ವಾದವೇ ಆಯಿತು. ಯಂತ್ರದ ಕಂತು ಕಟ್ಟುತ್ತಿರುವವರು ಯಾರು ಎಂದು ಅಣ್ಣ ಕೇಳಿದ. ಅತ್ತಿಗೆ ಒಂದು ವಾರ ಮೂಲೆಗಳನ್ನು ಲೆಕ್ಕ ಹಾಕಿದಳು. ಮುಂದಿನ ತಿಂಗಳಿಂದ ಫ್ರಿಜ್ಜಿನ ಮೇಲಿನ ಚೀಟಿಯಲ್ಲಿ ಪಾತ್ರೆ, ಬಟ್ಟೆ ಎಂಬುದರ ಕೆಳಗೆ ‘ಮೂಲೆ – 600’ ಎಂಬ ಹೊಸ ಸಾಲು ಬಂತು. ಅರ್ಧ ನ್ಯಾಯ. ಅಕ್ಕ ಇನ್ನೂ ಪೂರ್ತಿ ಕೇಳುತ್ತಿದ್ದಾರೆ, ಕೇಳಬೇಕು. ಆದರೂ ಆ ಸಾಲಿಗೆ ಒಂದು ಬೆಲೆಯಿದೆ. ಇಷ್ಟು ದಿನ ಹೆಸರಿಲ್ಲದ್ದರಿಂದ ಲೆಕ್ಕಕ್ಕೆ ಬಾರದ ಕೆಲಸಕ್ಕೆ ಒಂದು ಹೆಸರು ಸಿಕ್ಕಿತು, ಹೆಸರು ಸಿಕ್ಕಿದ್ದರಿಂದ ಚೌಕಾಸಿ ಸಾಧ್ಯವಾಯಿತು.

‘ಆರ್.ಯು.ಆರ್.’ ನಾಟಕದ ಕೊನೆಯಲ್ಲಿ ದಂಗೆಯೆದ್ದ ರೋಬೋಗಳು ಮನುಷ್ಯರನ್ನೆಲ್ಲ ಕೊಂದು ಒಬ್ಬನನ್ನು ಮಾತ್ರ ಉಳಿಸುತ್ತವೆ. ಅವನು ಆಲ್ಕ್ವಿಸ್ಟ್, ಕಟ್ಟಡದ ಕೆಲಸ ನೋಡಿಕೊಳ್ಳುವವನು. ಅವನೂ ತಮ್ಮಂತೆಯೇ ಕೈಯಿಂದ ದುಡಿಯುತ್ತಾನೆ ಎಂಬುದು ಅವು ಕೊಡುವ ಕಾರಣ. ಕುವೆಂಪು ಅವರ ಶಿವ ಜಲಗಾರನ ಬಳಿಗೆ ಬಂದಿದ್ದಕ್ಕೂ ಕಾರಣ ಅದೇ ದುಡಿಯುವ ಕೈ. ಎರಡೂ ನಾಟಕಗಳು ದೂರದ ಎರಡು ದಾರಿಗಳಿಂದ ಬಂದು ಮುಟ್ಟುವುದು ಆ ಕೈಯನ್ನು. ಆದರೆ ಎರಡರಲ್ಲೂ ಆ ಕೈ ಕೂಲಿ ಕೇಳುವುದಿಲ್ಲ; ಒಂದರಲ್ಲಿ ಅದಕ್ಕೆ ಜೀವ ಉಳಿಯುತ್ತದೆ, ಇನ್ನೊಂದರಲ್ಲಿ ದೇವರು ಸಿಗುತ್ತಾನೆ. ಗುಡಿಸುವವಳು ದೇವರೂ ಆಗದೆ ಯಂತ್ರವೂ ಆಗದೆ, ತನ್ನ ಮೂಲೆಯ ಲೆಕ್ಕ ಹಿಡಿದು ಪಗಾರ ಕೇಳುವ ನಾಟಕ ನನ್ನ ಪ್ರಬಂಧದ ಪಟ್ಟಿಯಲ್ಲಿ ಇನ್ನೂ ಇಲ್ಲ. ಅದನ್ನು ಬರೆಯುವವರು ಬರಬೇಕು. ಅದಕ್ಕೆ ಬೇಕಾದ ಮಾತುಗಳನ್ನು ದಿನಾ ಬೆಳಿಗ್ಗೆ ಹತ್ತು ಗಂಟೆಗೆ ನಗರದ ಮನೆಮನೆಗಳಲ್ಲಿ ಯಾರೋ ಆಡುತ್ತಲೇ ಇದ್ದಾರೆ.